ಕ್ರೋಮ್ ಪಟ್ಟಿಗೆ ಬಾಡಿ ಬಣ್ಣ ಹೊಡೆಸಿದೆ, ಒಂದೇ ಮಳೆಗಾಲಕ್ಕೆ ಸುಲಿದು ಬಂತು. ಮುಂದೇನು?

ಕೋಡಿ ಮೇಷ್ಟ್ರು (ಕುಂದಾಪುರ):

ನಮಸ್ಕಾರ. ನನ್ನದು 2015ರ ಡಿಜೈರ್ ಕಾರು, ಸಿಲ್ಕಿ ಸಿಲ್ವರ್ ಬಣ್ಣ. ಮನೆಯಿಂದ ಕಡಲಿಗೆ ಅರ್ಧ ಕಿಲೋಮೀಟರ್ ಕೂಡ ಇಲ್ಲ. ಉಪ್ಪುಗಾಳಿಗೆ ಡಿಕ್ಕಿ ಮೇಲಿನ ಕ್ರೋಮ್ ಪಟ್ಟಿಯೂ ಗ್ರಿಲ್‌ನ ಕ್ರೋಮೂ ಹಾಳಾದವು. ಮೊದಲು ಸಾಸಿವೆ ಕಾಳಿನಷ್ಟು ಚುಕ್ಕೆ, ಆಮೇಲೆ ಗುಳ್ಳೆ. ಯಾರೋ ಹೇಳಿದರು ಅಂತ ಎರಡು ವರ್ಷ ವಾರಕ್ಕೊಮ್ಮೆ ತೆಂಗಿನೆಣ್ಣೆ ಉಜ್ಜಿದ್ದೂ ಉಂಟು. ಹೊಳಪು ಬಂತು, ಧೂಳೂ ಬಂತು.

ಕಳೆದ ಏಪ್ರಿಲ್‌ನಲ್ಲಿ ಒಂದು ಗ್ಯಾರೇಜಿಗೆ ಕೊಟ್ಟು, ಕ್ರೋಮ್ ಬೇಡ, ಬಾಡಿ ಬಣ್ಣವೇ ಹೊಡೆಯಿರಿ ಅಂದೆ. ಬೆಳಿಗ್ಗೆ ಬಿಟ್ಟ ಗಾಡಿ ಸಂಜೆಗೆ ಸಿಕ್ಕಿತು. ನೋಡಲು ಚೆನ್ನಾಗಿಯೇ ಇತ್ತು. ಆಗಸ್ಟ್‌ನಲ್ಲಿ ವಾಟರ್ ಸರ್ವಿಸ್‌ಗೆ ಕೊಟ್ಟಾಗ ಹುಡುಗ ಪೈಪ್ ಹಿಡಿದನೋ ಇಲ್ಲವೋ, ಪಟ್ಟಿಯ ಬಣ್ಣ ಹಾವಿನ ಪೊರೆಯ ಹಾಗೆ ಒಂದೇ ತುಂಡಾಗಿ ಎದ್ದು ಬಂತು. ಅದರ ಕೆಳಗೆ ಹಳೇ ಕ್ರೋಮ್ ಫಳಫಳ ಅಂತ ಹೊಳೆಯುತ್ತಿದೆ ಮಾರಾಯ್ರೆ! ಇಷ್ಟು ಹೊಳಪು ಮೊದಲೇ ಇದ್ದಿದ್ದರೆ ಬಣ್ಣವೇ ಬೇಕಿರಲಿಲ್ಲ.

ಈ ಸಲ ದೀಪಾವಳಿ ರಜೆಯಲ್ಲಿ ನಾನೇ ಮಾಡಬೇಕು ಅಂತಿದ್ದೇನೆ. ಬಣ್ಣ ಸಿಂಪಡಿಸಲು ಗಾಳಿ ಕೊಡುವ ಕಂಪ್ರೆಸರ್ ಇಲ್ಲ. ಕೈ ಇದೆ, ಪುರುಸೊತ್ತು ಇದೆ. ಕ್ರೋಮ್ ಪೂರ್ತಿ ತೆಗೆಯಬೇಕಾ? ಬಣ್ಣಕ್ಕೆ ಮೊದಲು ಹೊಡೆಯುವ ಪ್ರೈಮರ್ ಯಾವುದು? ಬಾತ್‌ರೂಮ್ ಆಸಿಡ್ ಹಾಕಿದರೆ ಕ್ರೋಮ್ ಕರಗುತ್ತದೆ ಅಂತ ಒಬ್ಬರು ಹೇಳಿದರು, ನಿಜವಾ?

ಸ್ಟಿಕರ್ ಹುಡುಗ (ಬೆಂಗಳೂರು):

ಸಾರ್, ಬಣ್ಣದ ತಲೆನೋವೇ ಬೇಡ. ವಿನೈಲ್, ಅಂದರೆ ಬಣ್ಣದ ಪ್ಲಾಸ್ಟಿಕ್ ಸ್ಟಿಕರ್, ಅಂಟಿಸಿಬಿಡಿ. ಜೆ.ಸಿ. ರೋಡಿನಲ್ಲಿ ಬೇಕಾದ ಬಣ್ಣದ ಶೀಟ್ ಸಿಗುತ್ತದೆ. ಬೇಡ ಅನಿಸಿದ ದಿನ ಕಿತ್ತರೆ ಆಯಿತು.

ತಿಪಟೂರು ಪೇಂಟರ್:

ಹುಡುಗ ಹೇಳಿದ್ದು ಸುಳ್ಳಲ್ಲ. ಆದರೆ ಕ್ರೋಮ್ ಗಟ್ಟಿ ಇದ್ದರೆ ಮಾತ್ರ ವಿನೈಲ್ ಸರಿ. ಗುಳ್ಳೆ ಎದ್ದಿರುವ ಜಾಗದ ಮೇಲೆ ಅಂಟಿಸಿದರೆ ಗುಳ್ಳೆಗೆ ಅಂಗಿ ತೊಡಿಸಿದ ಹಾಗೆ, ಪ್ರತಿ ಉಬ್ಬೂ ಕಾಣುತ್ತದೆ. ಅದೂ ಅಲ್ಲದೆ ಸಿಲ್ವರ್ ವಿನೈಲ್ ಬಾಡಿಯ ಸಿಲ್ವರ್‌ಗೆ ಹೊಂದುವುದು ನಾನಂತೂ ನೋಡಿಲ್ಲ.

ಮೇಷ್ಟ್ರೇ, ನಾನು ಈ ಕೆಲಸದಲ್ಲಿ 24 ವರ್ಷದಿಂದ ಇದ್ದೇನೆ. ಮೊದಲ ಎರಡು ವರ್ಷ ಸ್ಪ್ರೇ ಗನ್ ತೊಳೆಯುವುದು, ಪೇಪರ್ ಹೊಡೆಯುವುದು (ಮರಳು ಕಾಗದದಲ್ಲಿ ಉಜ್ಜುವುದು) ಬಿಟ್ಟರೆ ಬೇರೆ ಕೆಲಸ ಕೊಡಲಿಲ್ಲ. ಆಗ ಬೈದುಕೊಳ್ಳುತ್ತಿದ್ದೆ. ಈಗ ಗೊತ್ತಾಗುತ್ತದೆ, ನಿಮ್ಮ ಪಟ್ಟಿಯಲ್ಲಿ ತಪ್ಪಿದ್ದೂ ಅದೇ ಕೆಲಸ. ಬಣ್ಣದ ಕೆಳಗೆ ಕ್ರೋಮ್ ಇನ್ನೂ ಹೊಳೆಯುತ್ತಿದೆ ಅಂದರೆ ಪೇಪರ್ ತಾಗಿಯೇ ಇಲ್ಲ. ಒರೆಸಿದರು, ಹೊಡೆದರು, ಕೊಟ್ಟರು. ಗಾಜಿನ ಮೇಲೆ ಗಂಧ ಹಚ್ಚಿದ ಹಾಗೆ.

ನಿಮ್ಮದು ಕಬ್ಬಿಣ ಅಲ್ಲ. ಈಗಿನ ಗಾಡಿಗಳ ಇಂಥ ಪಟ್ಟಿ ಹೆಚ್ಚಾಗಿ ಎಬಿಎಸ್ ಪ್ಲಾಸ್ಟಿಕ್. ಅದರ ಮೇಲೆ ತಾಮ್ರ, ತಾಮ್ರದ ಮೇಲೆ ನಿಕೆಲ್, ಎಲ್ಲಕ್ಕಿಂತ ಮೇಲೆ ಕ್ರೋಮ್. ಆ ಕ್ರೋಮ್ ಪದರ ಸಾಮಾನ್ಯವಾಗಿ ಅರ್ಧ ಮೈಕ್ರಾನ್‌ಗಿಂತಲೂ ತೆಳು. ನಮ್ಮ ತಲೆಕೂದಲು ಸುಮಾರು 70 ಮೈಕ್ರಾನ್ ದಪ್ಪ, ಲೆಕ್ಕ ಹಾಕಿಕೊಳ್ಳಿ. ತೆಳುವಾದರೂ ಭಾರಿ ಗಟ್ಟಿ, ಭಾರಿ ನುಣುಪು. ಬಣ್ಣಕ್ಕೆ ಹಿಡಿದುಕೊಳ್ಳಲು ಅಲ್ಲಿ ಏನೂ ಸಿಗುವುದಿಲ್ಲ. ಹಿಡಿತ ನಾವೇ ಮಾಡಿಕೊಡಬೇಕು.

ಆಸಿಡ್ ವಿಷಯ. ಕ್ರೋಮ್ ಕರಗುವುದು ನಿಜ. ಆದರೆ ಬೇಡ. ಆ ಹೊಗೆ ಎದೆಗೆ ಹೋಗುತ್ತದೆ, ಸುತ್ತಲಿನ ಕಬ್ಬಿಣ ಒಂದೇ ರಾತ್ರಿಯಲ್ಲಿ ತುಕ್ಕು ಹಿಡಿಯುತ್ತದೆ, ಗುಳ್ಳೆಯ ಸಂದಿಗೆ ಇಳಿದ ಆಸಿಡ್ ಎಷ್ಟು ತೊಳೆದರೂ ಹೋಗುವುದಿಲ್ಲ. ಕ್ರೋಮ್ ಪೂರ್ತಿ ತೆಗೆಯುವ ಅಗತ್ಯವೂ ಇಲ್ಲ. ಗಟ್ಟಿಯಾಗಿ ಕೂತದ್ದು ಇರಲಿ, ಎದ್ದದ್ದು ಹೋಗಲಿ, ಅಷ್ಟೇ.

ಮೊದಲು ಪಟ್ಟಿ ಬಿಚ್ಚಿ. ಗಾಡಿ ಮೇಲೆ ಇಟ್ಟುಕೊಂಡು ಮಾಸ್ಕಿಂಗ್ ಮಾಡಿ ಹೊಡೆದರೆ ಅಂಚು ಮುಚ್ಚುವುದಿಲ್ಲ, ಸುಲಿಯುವುದು ಯಾವಾಗಲೂ ಅಂಚಿನಿಂದಲೇ. ಒಳಗಿನಿಂದ ಕ್ಲಿಪ್ ಅಥವಾ ನಟ್ ಇರುತ್ತದೆ, ಜೊತೆಗೆ ಡಬಲ್ ಟೇಪ್. ಹೇರ್ ಡ್ರೈಯರ್‌ನಲ್ಲಿ ಸ್ವಲ್ಪ ಬಿಸಿ ಮಾಡಿ. ನಿಮ್ಮ ಕಡೆ ಗಾಳದ ತಂಗೂಸಿ ಸಿಗುತ್ತದಲ್ವಾ, ಅದನ್ನು ಪಟ್ಟಿಯ ಹಿಂದೆ ತೂರಿಸಿ ಗರಗಸದ ಹಾಗೆ ಆ ಕಡೆ ಈ ಕಡೆ ಎಳೆದರೆ ಟೇಪ್ ಕತ್ತರಿಸಿ ಬರುತ್ತದೆ. ಸ್ಕ್ರೂಡ್ರೈವರ್ ಹಾಕಿ ಮೀಟಬೇಡಿ. ಕೆಲವು ಗಾಡಿಗಳಲ್ಲಿ ನಂಬರ್ ಪ್ಲೇಟಿನ ಲೈಟ್ ಈ ಪಟ್ಟಿಯಲ್ಲೇ ಕೂತಿರುತ್ತದೆ, ವೈರ್ ನೋಡಿಕೊಂಡು ಎಳೆಯಿರಿ.

ಆಮೇಲೆ ಆ ತೆಂಗಿನೆಣ್ಣೆ. ಇದನ್ನು ಓದಿ ನನಗೆ ನಗುವೂ ಬಂತು, ಭಯವೂ ಆಯಿತು. ಎಣ್ಣೆ ಇರುವಾಗಲೇ ಪೇಪರ್ ಹೊಡೆದರೆ ಎಣ್ಣೆಯನ್ನು ಗೀರಿನೊಳಗೆ ತುಂಬಿದ ಹಾಗೆ. ಮೊದಲು ಪಾತ್ರೆ ತೊಳೆಯುವ ಸೋಪಿನಲ್ಲಿ ಎರಡು ಸಲ ತೊಳೆಯಿರಿ, ಕ್ಲಿಪ್ಪಿನ ಸಂದಿಗೆ ಹಳೇ ಹಲ್ಲುಜ್ಜುವ ಬ್ರಷ್ ಹಾಕಿ. ಒಣಗಿದ ಮೇಲೆ ಸ್ಪಿರಿಟ್ ಹಾಕಿದ ಬಟ್ಟೆಯಲ್ಲಿ ಒರೆಸಿ, ಅದು ಆರುವ ಮೊದಲೇ ಇನ್ನೊಂದು ಒಣಬಟ್ಟೆಯಲ್ಲಿ ಒರೆಸಿ ತೆಗೆಯಿರಿ. ಒಂದೇ ಬಟ್ಟೆಯಾದರೆ ಎಣ್ಣೆ ಇಲ್ಲಿಂದ ಅಲ್ಲಿಗೆ ಹೋಗುತ್ತದೆ, ಪಟ್ಟಿ ಬಿಟ್ಟು ಹೋಗುವುದಿಲ್ಲ.

ಈಗ ಗುಳ್ಳೆ. ಬ್ಲೇಡ್ ತುದಿಯಿಂದ ಕೆರೆದು ಸಡಿಲವಾದದ್ದನ್ನೆಲ್ಲ ತೆಗೆಯಿರಿ. ಎದ್ದ ಕ್ರೋಮಿನ ಅಂಚು ಬ್ಲೇಡಿಗಿಂತ ಹರಿತ, ನನ್ನ ಎಡಗೈ ಹೆಬ್ಬೆರಳಿನಲ್ಲಿ ಇನ್ನೂ ಗುರುತಿದೆ. ಗ್ಲವ್ಸ್ ಹಾಕಿಕೊಳ್ಳಿ. ನಂತರ 320 ನಂಬರ್ ವಾಟರ್ ಪೇಪರ್, ಅಂದರೆ ನೀರು ಹಾಕಿ ಉಜ್ಜುವ ಮರಳು ಕಾಗದ. ನಂಬರ್ ಹೆಚ್ಚಿದಷ್ಟೂ ನಯ. ನೀರು ಹಾಕಿಕೊಂಡೇ ಉಜ್ಜಿ, ಒಣದಾಗಿ ಬೇಡ. ನಿಕೆಲ್ ಧೂಳು ಮೈಗೂ ಉಸಿರಿಗೂ ಒಳ್ಳೆಯದಲ್ಲ, ಕೆಲವರಿಗೆ ತುರಿಕೆ ಏಳುತ್ತದೆ. ಪೂರ್ತಿ ಆದ ಮೇಲೆ 400ರಲ್ಲಿ ಒಂದು ಕೈ. ಮೂಲೆ, ತಿರುವುಗಳಿಗೆ ಕೆಂಪು ಸ್ಕಾಚ್‌ಬ್ರೈಟ್. ಅಡುಗೆಮನೆಯ ಹಸಿರು ಅಲ್ಲ, ಪೇಂಟ್ ಅಂಗಡಿಯಲ್ಲಿ ಕೇಳಿ.

ಉಜ್ಜುತ್ತಾ ಹೋದ ಹಾಗೆ ಬಣ್ಣ ನಿಮಗೆ ದಾರಿ ಹೇಳುತ್ತದೆ. ನೀಲಿ ಹೊಳಪು ಹೋಗಿ ತುಸು ಹಳದಿ ಕಂಡರೆ ನಿಕೆಲ್‌ಗೆ ಬಂದಿದ್ದೀರಿ. ಕೆಂಪು ಕಂಡರೆ ತಾಮ್ರ. ಅದೂ ಹೋದರೆ ಪ್ಲಾಸ್ಟಿಕ್. ಗುಳ್ಳೆ ತೆಗೆದ ಜಾಗದಲ್ಲಿ ಇವು ಮರದ ಉಂಗುರದ ಹಾಗೆ ಒಂದರ ಪಕ್ಕ ಒಂದು ಕಾಣಬೇಕು. ಬೆರಳಾಡಿಸಿದರೆ ಮೆಟ್ಟಿಲು ಸಿಗಬಾರದು. ಕಣ್ಣಿಗೆ ಕಾಣದ ಮೆಟ್ಟಿಲು ಬೆರಳಿಗೆ ಸಿಗುತ್ತದೆ, ಬೆರಳಿಗೆ ಸಿಕ್ಕಿದ್ದು ಬಣ್ಣ ಹೊಡೆದ ಮೇಲೆ ಊರಿಗೆಲ್ಲ ಕಾಣುತ್ತದೆ.

ಎಲ್ಲಿಯವರೆಗೆ ಉಜ್ಜಬೇಕು? ನಿಮ್ಮ ಮುಖ ಕಾಣದಷ್ಟು. ಪಟ್ಟಿ ಪೂರ್ತಿ ಹಳೇ ಅಲ್ಯುಮಿನಿಯಂ ಪಾತ್ರೆಯ ಹಾಗೆ ಮಂಕಾಗಬೇಕು. ನೀರು ಸುರಿದು ನೋಡಿ. ಒಂದೇ ಪದರವಾಗಿ ಹರಡಿ ನಿಂತರೆ ಸರಿ. ಕೆಸುವಿನ ಎಲೆ ಮೇಲಿನ ಹಾಗೆ ಹನಿಹನಿಯಾದರೆ ನಿಮ್ಮ ತೆಂಗಿನೆಣ್ಣೆ ಇನ್ನೂ ಅಲ್ಲೇ ಇದೆ, ಮತ್ತೆ ಸೋಪಿನಿಂದ ಶುರು ಮಾಡಿ.

ಇಲ್ಲಿಯವರೆಗೆ ನೀವೇ ಮಾಡಬಹುದು, ನೀವೇ ಮಾಡಿದರೆ ನಮಗಿಂತ ಚೆನ್ನಾಗಿ ಬರುತ್ತದೆ. ನಿಮಗೆ ರಜೆ ಇದೆ, ನಮಗೆ ಸಂಜೆಗೆ ಇನ್ನೊಂದು ಗಾಡಿ ನಿಂತಿರುತ್ತದೆ. ಮುಂದಿನದು ಗನ್ ಇರುವವರಿಗೆ ಬಿಡಿ ಅನ್ನುವುದು ನನ್ನ ಸಲಹೆ. ಗಾಡಿ ಒಯ್ಯಬೇಡಿ, ಬಿಚ್ಚಿದ ಪಟ್ಟಿ ಮಾತ್ರ ಒಯ್ಯಿರಿ. ಎರಡು ಸಣ್ಣ ಪೀಸ್ ಬೇರೆ ಗಾಡಿಯ ಕೆಲಸದ ಜೊತೆಗೇ ಆಗಿಬಿಡುತ್ತದೆ, ದುಡ್ಡೂ ಕಡಿಮೆ. ಹೋಗಿ ಹೀಗೆ ಕೇಳಿ: ಮೊದಲು ಎಪಾಕ್ಸಿ ಪ್ರೈಮರ್, ಗಟ್ಟಿಯಾಗಲು ಹಾರ್ಡನರ್ ಬೆರೆಸುವಂಥದ್ದು. ಅದರ ಮೇಲೆ ಸಣ್ಣ ಗೀರು ಮುಚ್ಚುವ ಸರ್ಫೇಸರ್, ಅದಕ್ಕೆ 600, 800 ಪೇಪರ್. ಆಮೇಲೆ ಬಣ್ಣ ತೆಳುವಾಗಿ ಮೂರು ಕೋಟ್, ಕೊನೆಗೆ ಹಾರ್ಡನರ್ ಹಾಕಿದ ಕ್ಲಿಯರ್, ಅಂದರೆ ಬಣ್ಣವಿಲ್ಲದ ಹೊಳಪಿನ ಪದರ, ಎರಡು ಕೋಟ್. ಕೋಟಿಗೂ ಕೋಟಿಗೂ ನಡುವೆ ಹತ್ತು ಹದಿನೈದು ನಿಮಿಷ ಬಿಡಬೇಕು. ವಾಷ್ ಪ್ರೈಮರ್ (ಲೋಹಕ್ಕೆ ಕಚ್ಚಿಕೊಳ್ಳುವ ಆಸಿಡ್ ಇರುವ ಪ್ರೈಮರ್) ಹಾಕುತ್ತೇನೆ ಅಂದರೆ ಅದರ ಮೇಲೆ ನೇರವಾಗಿ ಪುಟ್ಟಿ ಎಳೆಯಬೇಡಿ ಅನ್ನಿ, ಎರಡಕ್ಕೂ ಆಗುವುದಿಲ್ಲ.

ಡಬ್ಬಿ ಸ್ಪ್ರೇಯಲ್ಲಿ ನಾನೇ ಹೊಡೆಯುತ್ತೇನೆ ಅಂತ ಹಠ ಇದ್ದರೆ, ಸಾದಾ ಕ್ಲಿಯರ್ ಡಬ್ಬಿ ತರಬೇಡಿ. ಒಂದು ಹನಿ ಪೆಟ್ರೋಲ್ ಬಿದ್ದರೂ ಮೆತ್ತಗಾಗುತ್ತದೆ. ತಳದಲ್ಲಿ ಗುಂಡಿ ಒತ್ತಿ ಹಾರ್ಡನರ್ ಬಿಡುವ ಡಬ್ಬಿ ಬರುತ್ತದೆ, ಅದು ಗಟ್ಟಿ. ಆದರೆ ಅದರ ಹಾರ್ಡನರ್‌ನಲ್ಲಿ ಐಸೊಸಯನೇಟ್ ಇರುತ್ತದೆ, ಶ್ವಾಸಕ್ಕೆ ಕೆಟ್ಟ ರಾಸಾಯನಿಕ. ಮೂಗಿಗೆ ಕರ್ಚೀಫ್ ಕಟ್ಟಿಕೊಂಡರೆ ಸಾಲದು. ನಾನು ಮೊದಲ ಹತ್ತು ವರ್ಷ ಕರ್ಚೀಫಿನಲ್ಲೇ ಕಳೆದೆ. ಈಗ ಚಳಿಗಾಲದ ಬೆಳಿಗ್ಗೆ ನನ್ನ ಕೆಮ್ಮಿನ ಸದ್ದಿಗೇ ಮನೆಯವರು ಏಳುವುದು.

ಪದ್ಮಿನಿ ಪ್ರೇಮಿ (ಹುಬ್ಬಳ್ಳಿ):

ಪೇಂಟರ್ ಅಣ್ಣಾ, ನನ್ನ ಹತ್ತಿರ ಅಪ್ಪನ ಪ್ರೀಮಿಯರ್ ಪದ್ಮಿನಿ ಐತಿ. ಬಂಪರ್ ಕಬ್ಬಿಣದ್ದು, ಕ್ರೋಮ್ ಅಲ್ಲಲ್ಲಿ ತುಕ್ಕು. ಅದಕ್ಕೂ ಇದೇ ರೀತಿನಾ? ಬಿಳಿ ಬಣ್ಣ ಹೊಡೆಸೋಣ ಅಂತ.

ತಿಪಟೂರು ಪೇಂಟರ್:

ತಮ್ಮಾ, ಪದ್ಮಿನಿ ಬಂಪರಿಗೆ ಬಣ್ಣ ಹೊಡೆಯಬೇಡ. ಅದು ಆ ಗಾಡಿಯ ಮೀಸೆ. ಲೋಹದ ಲೇಪನ, ಅಂದರೆ ಪ್ಲೇಟಿಂಗ್ ಮಾಡುವವರ ಹತ್ತಿರ ಕೊಡು, ಬೆಂಗಳೂರಿನ ಪೀಣ್ಯದಲ್ಲಿ ಅಂಥವರು ಬಹಳ ಇದ್ದಾರೆ. ಹಳೇ ಕ್ರೋಮನ್ನು ತೊಟ್ಟಿಯಲ್ಲಿ ಕರೆಂಟ್ ಉಲ್ಟಾ ಕೊಟ್ಟು ತೆಗೆದು ಹೊಸದು ಕೂರಿಸುತ್ತಾರೆ. ಇದನ್ನು ವಿಡಿಯೋ ನೋಡಿ ಮನೆಯ ಬಕೆಟ್‌ನಲ್ಲಿ ಮಾಡಲು ಹೋಗಬೇಡ. ಆ ನೀರಿನಲ್ಲಿ ಉಳಿಯುವ ಕ್ರೋಮಿಯಂ ವಿಷ, ಮೋರಿಗೆ ಚೆಲ್ಲುವಂಥದ್ದಲ್ಲ. ಬಣ್ಣವೇ ಬೇಕು ಅಂದರೆ ತುಕ್ಕಿನ ಜಾಗವನ್ನು ಬರೀ ಕಬ್ಬಿಣ ಕಾಣುವವರೆಗೆ ತೆಗೆದು, ಅದೇ ದಿನ ಎಪಾಕ್ಸಿ ಹಾಕಿಸು.

ಕೋಡಿ ಮೇಷ್ಟ್ರು:

ಇಷ್ಟು ಬರೆದಿದ್ದಕ್ಕೆ ದೊಡ್ಡ ನಮಸ್ಕಾರ. ಇನ್ನೊಂದೇ ಪ್ರಶ್ನೆ. ಬಣ್ಣದ ಕೋಡ್ ಪ್ಲೇಟಿನಲ್ಲಿ ಝಡ್2ಎಸ್ ಅಂತ ಇದೆ. ಅದನ್ನು ಹೇಳಿದರೆ ಸಾಕಲ್ಲ? ಆರ್‌ಸಿಗೆ ಏನಾದರೂ ತೊಂದರೆ ಉಂಟಾ?

ತಿಪಟೂರು ಪೇಂಟರ್:

ಆರ್‌ಸಿಯಲ್ಲಿ ಬರೆದ ಬಣ್ಣವನ್ನೇ ತಾನೇ ನೀವು ಹೊಡೆಸುವುದು? ಏನೂ ಇಲ್ಲ.

ಕೋಡ್ ಸಾಲದು. ಕೋಡ್ ಹೇಳುವುದು ಗಾಡಿ ಹುಟ್ಟಿದ ದಿನದ ಬಣ್ಣ. ನಿಮ್ಮದು ಇಷ್ಟು ವರ್ಷ ಕಡಲ ಬಿಸಿಲು ಕುಡಿದಿದೆ. ಪೆಟ್ರೋಲ್ ಟ್ಯಾಂಕಿನ ಮುಚ್ಚಳ ಬಿಚ್ಚಿ ಬಣ್ಣ ಬೆರೆಸುವವರ ಹತ್ತಿರ ಒಯ್ಯಿರಿ, ಪಾಲಿಷ್ ಹಾಕಿ ಕೊಳೆ ತೆಗೆದು ಅದಕ್ಕೆ ಹೊಂದಿಸಲಿ. ಸಿಲ್ವರ್ ಬಲು ಜಂಬದ ಬಣ್ಣ. ಒಂದೇ ಡಬ್ಬಿಯ ಬಣ್ಣವನ್ನು ಒದ್ದೆಯಾಗಿ ಹೊಡೆದರೆ ಕಪ್ಪಾಗಿ ಕಾಣುತ್ತದೆ, ಒಣದಾಗಿ ಹೊಡೆದರೆ ಬೆಳ್ಳಗೆ. ಒಳಗಿನ ಅಲ್ಯುಮಿನಿಯಂ ಚೂರು ಮಲಗುವ ರೀತಿ ಬೇರೆಯಾಗುತ್ತದೆ, ಅದಕ್ಕೆ. ಮೊದಲು ಒಂದು ತಗಡಿನ ತುಂಡಿಗೆ ಹೊಡೆದು, ಕ್ಲಿಯರ್ ಕೂಡ ಹಾಕಿ, ಗಾಡಿ ಪಕ್ಕ ಹಿಡಿದು ಬಿಸಿಲಲ್ಲೂ ನೆರಳಲ್ಲೂ ನೋಡಬೇಕು. ಪಟ್ಟಿಯನ್ನು ಮೇಜಿನ ಮೇಲೆ ಮಲಗಿಸಿ ಹೊಡೆಯಬಾರದು, ಗಾಡಿಯಲ್ಲಿ ಹೇಗೆ ನಿಲ್ಲುತ್ತದೋ ಹಾಗೇ ನಿಲ್ಲಿಸಿ ಹೊಡೆಯಬೇಕು.

ಮಳೆ ಇರುವ ದಿನ ಬೇಡ. ನಿಮ್ಮ ಕಡೆಯ ತೇವಕ್ಕೆ, ಬಣ್ಣ ತೆಳು ಮಾಡಲು ಬೆರೆಸುವ ಥಿನ್ನರ್ ಬೇಗ ಆರಿದರೆ ಬಣ್ಣ ಬಿಳಿಚಿಕೊಳ್ಳುತ್ತದೆ.

ಕೋಡಿ ಮೇಷ್ಟ್ರು (ಏಳು ವಾರದ ನಂತರ):

ಕೆಲಸ ಮುಗಿಯಿತು, ಹೇಳಿ ಹೋಗೋಣ ಅಂತ ಬಂದೆ.

ಬಿಚ್ಚಲು ಒಂದು ಬೆಳಿಗ್ಗೆ, ಉಜ್ಜಲು ಮೂರು ದಿನ. ಮೊದಲ ದಿನ ಅರ್ಧ ಗಂಟೆಯಲ್ಲಿ ಆಯಿತು ಅಂದುಕೊಂಡು ನೀರು ಸುರಿದೆ. ಹನಿಹನಿ! ಮತ್ತೆ ಸೋಪು. ನನ್ನ ಹೆಂಡತಿ ಪಾತ್ರೆ ತೊಳೆಯುವ ಸೋಪಿನ ಲೆಕ್ಕ ಕೇಳುತ್ತಿದ್ದಾಳೆ. ಎರಡನೇ ದಿನ ಹಳದಿ ಕಂಡಿತು, ಒಂದು ಮೂಲೆಯಲ್ಲಿ ತಾಮ್ರದ ಕೆಂಪು. ಎಂಟನೇ ಕ್ಲಾಸಿನ ಮಕ್ಕಳಿಗೆ ಲೋಹಲೇಪನದ ಪಾಠ ಎಷ್ಟೋ ವರ್ಷದಿಂದ ಮಾಡುತ್ತಿದ್ದೇನೆ, ಕೈಯಲ್ಲಿ ಮುಟ್ಟಿ ನೋಡಿದ್ದು ಇದೇ ಮೊದಲು. ಗ್ರಿಲ್‌ನ ಸಂದಿಗಳಂತೂ ಸಾಕು ಸಾಕು ಮಾಡಿದವು.

ಬೇರೊಂದು ಕಡೆ ಪೇಂಟರ್‌ಗೆ ಕೊಟ್ಟೆ. ಮಂಕಾದ ಪಟ್ಟಿ ನೋಡಿ, ‘ಇದನ್ನು ಯಾರು ಉಜ್ಜಿದ್ದು?’ ಅಂತ ಕೇಳಿದರು. ನಾನೇ ಅಂದೆ. ಬೆರಳಾಡಿಸಿ ನೋಡಿ ಮಾತಿಲ್ಲದೆ ಒಳಗೆ ತೆಗೆದುಕೊಂಡು ಹೋದರು. ಮುಚ್ಚಳ ನೋಡಿ ಬಣ್ಣ ಬೆರೆಸಿದ್ದು ಎರಡನೇ ಸಲಕ್ಕೆ ಹೊಂದಿತು. ಡಿಕ್ಕಿ ಪಟ್ಟಿ ಈಗ ಎಲ್ಲಿ ಶುರು, ಎಲ್ಲಿ ಮುಗಿಯುತ್ತದೆ ಅಂತ ಗೊತ್ತಾಗುವುದಿಲ್ಲ. ಗ್ರಿಲ್ ಮಾತ್ರ ಸಂಜೆ ಬಿಸಿಲಲ್ಲಿ ಒಂದು ಕೂದಲೆಳೆ ಕಪ್ಪು. ಮಲಗಿಸಿ ಹೊಡೆದರೋ ಏನೋ, ನಾನು ಆಗ ಟೀ ಕುಡಿಯಲು ಹೋಗಿದ್ದೆ.

ನಿನ್ನೆ ವಾಟರ್ ಸರ್ವಿಸ್‌ಗೆ ಕೊಟ್ಟೆ. ಅದೇ ಹುಡುಗ, ಅದೇ ಪೈಪ್. ನಾನು ಪಕ್ಕದಲ್ಲೇ ನಿಂತು ನೋಡಿದೆ. ಏನೂ ಆಗಲಿಲ್ಲ.

ಆದರೆ ರಾತ್ರಿ ಮನೆಗೆ ಬಂದಾಗ ಹಿಂದಿನಿಂದ ಬಂದ ಪಕ್ಕದ ಮನೆಯವರು ಹೇಳಿದರು, ನಿಮ್ಮ ನಂಬರ್ ಪ್ಲೇಟಿನ ಲೈಟ್ ಉರಿಯುತ್ತಿಲ್ಲ ಅಂತ. ವೈರ್ ನೋಡಿಕೊಂಡು ಎಳೆಯಿರಿ ಅಂದಿದ್ದಿರಿ, ನೋಡಿಕೊಂಡೇ ಎಳೆದಿದ್ದೆ. ವಾಪಸ್ ಸಿಕ್ಕಿಸಲು ಮರೆತಿದ್ದೇನೆ. ಭಾನುವಾರ ಮತ್ತೆ ಬಿಚ್ಚಬೇಕು.