ಯಾರೋ ಬಿಟ್ಟುಹೋದ ಕುದುರೆಗೆ ಮೊದಲು ಏನು ಕೊಡಬೇಕು?

ಕೇಳಿದವರು:
ನಮ್ಮ ಮನೆ ಹಿಂದಿನ ಖಾಲಿ ಸೈಟಿನಲ್ಲಿ ಐದು ದಿನದಿಂದ ಒಂದು ಕಂದು ಕುದುರೆ ನಿಂತಿದೆ. ಪಕ್ಕೆಲುಬು ಎಣಿಸಬಹುದು. ಮುಂಗಾಲು ಕುಂಟುತ್ತದೆ, ಕಸದ ಚೀಲಕ್ಕೆ ಬಾಯಿ ಹಾಕುತ್ತದೆ. ಯಾರದ್ದೆಂದು ಅಕ್ಕಪಕ್ಕದವರಿಗೂ ಗೊತ್ತಿಲ್ಲ. ನಾಯಿ ಸಾಕಿದ್ದೇನೆ, ಕುದುರೆಯ ಗಂಧಗಾಳಿ ಇಲ್ಲ. ನಿನ್ನೆ ಒಂದು ಬಕೆಟ್ ನೀರಿಟ್ಟೆ, ತಲೆ ಎತ್ತದೆ ಕುಡಿಯಿತು. ಇವತ್ತು ಬೂಸಾ, ಕಾಳು ತಂದು ಹೊಟ್ಟೆ ತುಂಬ ಹಾಕೋಣ ಅಂತಿದ್ದೇನೆ. ಇಂಥದ್ದನ್ನು ಕಂಡವರು ಏನು ಮಾಡಿದಿರಿ?

ಒಮ್ಮೆ ಕೈ ಸುಟ್ಟುಕೊಂಡವರು:
ಬೂಸಾ ಬೇಡ. ಕಾಳಂತೂ ಬೇಡವೇ ಬೇಡ. ನಾನು ಮಾಡಿದ ತಪ್ಪನ್ನೇ ನೀವು ಮಾಡಲು ಹೊರಟಿದ್ದೀರಿ, ಅದಕ್ಕೇ ಓದಿದ ಕೂಡಲೇ ಬರೆಯುತ್ತಿದ್ದೇನೆ.

ನಮ್ಮ ಬೀದಿಗೆ ಬಂದದ್ದು ಬಿಳಿ ಹೆಣ್ಣು ಕುದುರೆ. ಬೆನ್ನುಮೂಳೆ ಹಗ್ಗ ಕಟ್ಟಿದ ಹಾಗೆ ಎದ್ದು ಕಾಣುತ್ತಿತ್ತು. ಕರುಳು ಚುರ್ರೆಂದು ಎರಡು ಹೊತ್ತೂ ಬಕೆಟ್ ತುಂಬ ಕಾಳು, ಬೂಸಾ ಇಟ್ಟೆ. ನೆರೆಯವರು ಬ್ರೆಡ್ಡು, ಬೆಲ್ಲ ತಂದರು. ಎರಡು ದಿನ ಕಿವಿ ನಿಮಿರಿಸಿಕೊಂಡು ಗೇಟಿನ ಹತ್ತಿರ ಕಾಯುತ್ತಿತ್ತು, ನಾವೆಲ್ಲ ಹಿಗ್ಗಿದೆವು. ನಾಲ್ಕನೇ ದಿನ ತೊಡೆ ನಡುಗತೊಡಗಿತು. ಐದನೇ ದಿನ ಬಿತ್ತು, ಏಳಲೇ ಇಲ್ಲ. ಹಸಿವಿನಿಂದ ಸತ್ತಿತು ಅಂತ ಬೀದಿಯವರೆಲ್ಲ ಅಂದುಕೊಂಡರು. ಡಾಕ್ಟರು ನನ್ನನ್ನು ಪಕ್ಕಕ್ಕೆ ಕರೆದು ನಿಜ ಹೇಳಿದರು.

ಪಶುವೈದ್ಯೆ:
ಮೇಲಿನವರು ಹೇಳಿದ್ದು ಸರಿ. ಅವರೊಬ್ಬರೇ ಅಲ್ಲ, ಪ್ರೀತಿ ಇರುವವರೇ ಹೆಚ್ಚಾಗಿ ಈ ತಪ್ಪು ಮಾಡುವುದು. ಬಹಳ ದಿನ ಉಪವಾಸ ಬಿದ್ದ ದೇಹ ತನ್ನದೇ ಕೊಬ್ಬು, ಮಾಂಸ ಕರಗಿಸಿಕೊಂಡು ಬದುಕಿರುತ್ತದೆ. ಅದಕ್ಕೆ ಒಮ್ಮೆಲೇ ಪಿಷ್ಟ, ಸಕ್ಕರೆ ಬಿದ್ದರೆ ಇನ್ಸುಲಿನ್ ಏರಿ, ರಕ್ತದಲ್ಲಿದ್ದ ರಂಜಕ, ಪೊಟ್ಯಾಸಿಯಂ, ಮೆಗ್ನೀಸಿಯಂ ಜೀವಕೋಶಗಳೊಳಗೆ ನುಗ್ಗುತ್ತವೆ. ರಕ್ತದಲ್ಲಿ ಅವು ಬರಿದಾದಾಗ ಹೃದಯ, ಸ್ನಾಯು ಕೈಕೊಡುತ್ತವೆ. ತಿನ್ನಿಸಲು ಶುರು ಮಾಡಿದ 3ರಿಂದ 10 ದಿನಗಳೊಳಗೆ ಸಾವು ಬರುವುದು ಹೀಗೆ.

ತೀರಾ ಸೊರಗಿದ ಕುದುರೆಗೆ ಒಣಗಿಸಿದ ಕುದುರೆ ಮಸಾಲೆ ಸೊಪ್ಪು, ಅಂದರೆ ಲೂಸರ್ನ್, ಒಳ್ಳೆಯದು. ಅದರಲ್ಲಿ ಪಿಷ್ಟ ಕಡಿಮೆ, ರಂಜಕ, ಮೆಗ್ನೀಸಿಯಂ ಇವೆ. ಮೊದಲ ಮೂರು ದಿನ ನಾಲ್ಕು ಗಂಟೆಗೊಮ್ಮೆ ಅರ್ಧ ಕೆಜಿ, ಅಷ್ಟೇ. ಆಮೇಲೆ ನಿಧಾನವಾಗಿ ಹೆಚ್ಚಿಸುತ್ತ ಹೋಗಿ, ಹತ್ತು ದಿನ ಕಳೆದ ಮೇಲೆ ತಿಂದಷ್ಟು. ರಾತ್ರಿ ಎದ್ದು ಹಾಕುವುದು ಕಷ್ಟ ಅಂತ ಎರಡು ಹೊತ್ತಿನದನ್ನು ಒಟ್ಟಿಗೆ ಸುರಿಯಬೇಡಿ. ನೀರು ಮಾತ್ರ ಸದಾ ಮುಂದಿರಲಿ. ಸಾಧಾರಣ ಕುದುರೆಗೇ ದಿನಕ್ಕೆ 25ರಿಂದ 45 ಲೀಟರ್ ಬೇಕು, ನಿಮ್ಮ ಒಂದು ಬಕೆಟ್ ಯಾವ ಮೂಲೆಗೆ?

ಕಸದ ಚೀಲ ಅಂದಿರಲ್ಲ, ನನಗೆ ಅದೇ ಚಿಂತೆ. ಕುದುರೆಗೆ ವಾಂತಿ ಮಾಡಲು ಆಗುವುದಿಲ್ಲ, ಒಳಗೆ ಹೋದ ಪ್ಲಾಸ್ಟಿಕ್ ಕರುಳಲ್ಲೇ ಮುಂದೆ ಸಾಗಬೇಕು. ಲದ್ದಿ ಹಾಕುತ್ತಿದೆಯೇ ನೋಡಿ. ಚೆನ್ನಾಗಿರುವ ಕುದುರೆ ದಿನಕ್ಕೆ ಎಂಟು ಹತ್ತು ಸಲ ಹಾಕುತ್ತದೆ. ಲದ್ದಿಯೇ ಇಲ್ಲ, ತಿರುತಿರುಗಿ ಹೊಟ್ಟೆ ಕಡೆ ನೋಡುತ್ತದೆ, ನೆಲ ಕೆರೆಯುತ್ತದೆ, ಮಲಗಿ ಹೊರಳಾಡುತ್ತದೆ ಅಂದರೆ ಹೊಟ್ಟೆಶೂಲೆ. ಆಗ ಏನೂ ತಿನ್ನಿಸದೆ ತಕ್ಷಣ ಡಾಕ್ಟರನ್ನು ಕರೆಸಿ. ಮೂಗಿನಿಂದ ಗಟ್ಟಿ ಸಿಂಬಳ, ಮೈಮೇಲೆ ಗಂಟು, ಹುಣ್ಣು ಇದ್ದರೆ ಮುಟ್ಟಲೇಬೇಡಿ. ಗ್ಲ್ಯಾಂಡರ್ಸ್ ಅನ್ನುವ ಕುದುರೆಗಳ ಸೋಂಕು ರೋಗ ಆಗಿದ್ದರೆ ಮನುಷ್ಯರಿಗೂ ಹರಡುತ್ತದೆ.

ಹಿಂದೆ ಕುದುರೆಗಾಡಿ ಹೊಡೆದವರು:
ಬಿಟ್ಟುಹೋದದ್ದೋ, ರಾತ್ರಿ ಮೇಯಲು ಬಿಟ್ಟದ್ದೋ ಅನ್ನುವುದನ್ನು ಮೊದಲು ಗೊರಸು ನೋಡಿ ತಿಳಿದುಕೊಳ್ಳಿ. ಆರೆಂಟು ವಾರಕ್ಕೊಮ್ಮೆ ಗೊರಸು ಕೆತ್ತಲೇಬೇಕು. ಲಾಳ ಬಿಗಿಯಾಗಿದ್ದು ಮೊಳೆಯ ತುದಿ ಹೊಳೆಯುತ್ತಿದ್ದರೆ ಯಜಮಾನ ಹತ್ತಿರದಲ್ಲೇ ಇದ್ದಾನೆ, ಹುಡುಕಿ ಮಾತಾಡಿಸಿ. ಗೊರಸು ಲಾಳವನ್ನು ಮೀರಿ ಬೆಳೆದು, ಮೊಳೆ ತುಕ್ಕು ಹಿಡಿದು, ಲಾಳ ಒಂದು ಪಕ್ಕಕ್ಕೆ ಜಾರಿದ್ದರೆ ಎರಡು ಮೂರು ತಿಂಗಳಿಂದ ಯಾರೂ ಆ ಕಾಲನ್ನು ಎತ್ತಿ ನೋಡಿಲ್ಲ. ಕೆಲವಕ್ಕೆ ಗೊರಸಿನ ತುದಿ ಹಳೇ ಕಾಲದ ಜೋಡಿನ ಮೂತಿಯಂತೆ ಮೇಲಕ್ಕೆ ಬಾಗಿರುತ್ತದೆ.

ಯಜಮಾನ ಸಿಕ್ಕರೆ ಮೊದಲ ಮಾತಿಗೇ ಬೈಯಬೇಡಿ. ಕುದುರೆ 25-30 ವರ್ಷ ಬದುಕುತ್ತದೆ, ಟಾರು, ಕಾಂಕ್ರೀಟಿನ ಮೇಲೆ ಓಡಿದ ಕಾಲು ಅಷ್ಟು ವರ್ಷ ಬಾಳುವುದಿಲ್ಲ. ಕುಂಟಿದ ದಿನದಿಂದ ದುಡಿಮೆ ನಿಂತಿತು, ಮೇವಿನ ಖರ್ಚು ನಿಲ್ಲಲಿಲ್ಲ. ರಾತ್ರೋರಾತ್ರಿ ದೂರದ ಬಡಾವಣೆಯಲ್ಲಿ ಹಗ್ಗ ಬಿಚ್ಚಿ ಬರುವವರನ್ನು ನಾನು ಕಂಡಿದ್ದೇನೆ. ಸರಿ ಅನ್ನುತ್ತಿಲ್ಲ. ಬೈದರೆ ಅವನು ‘ನನ್ನದಲ್ಲ’ ಅಂದುಬಿಡುತ್ತಾನೆ, ಕುದುರೆಯ ವಯಸ್ಸು, ಹಳೇ ಗಾಯ, ಹಾಕಿಸಿದ ಇಂಜೆಕ್ಷನ್ ಯಾವುದೂ ಗೊತ್ತಾಗುವುದಿಲ್ಲ.

ಹತ್ತಿರ ಹೋಗುವಾಗ ಹಿಂದಿನಿಂದ ಹೋಗಬೇಡಿ, ನೇರ ಹಣೆಯ ಮುಂದೆಯೂ ಬೇಡ. ಎರಡೂ ಕಡೆ ಅದಕ್ಕೆ ಕಾಣುವುದಿಲ್ಲ. ಮಾತಾಡುತ್ತ ಎಡ ಭುಜದ ಕಡೆಯಿಂದ ಹೋಗಿ. ಹಗ್ಗವನ್ನು ಕೈಗೆ ಸುತ್ತಿಕೊಳ್ಳಬೇಡಿ. ನನ್ನ ಕಿರುಬೆರಳು ಈಗಲೂ ಡೊಂಕು.

ಪಶುವೈದ್ಯೆ:
ಕುಂಟುವ ಬಗ್ಗೆ ಒಂದು ಮಾತು. ಹಿಂಗಾಲೊಂದನ್ನು ಮಡಚಿ ನಿಲ್ಲುವುದು ವಿಶ್ರಾಂತಿ. ಮುಂಗಾಲನ್ನು ಮುಂದೆ ಚಾಚಿ ಭಾರ ಬಿಡದೆ ನಿಂತರೆ ಅದು ನೋವು. ಗೊರಸಿನಲ್ಲಿ ಮೊಳೆ ಚುಚ್ಚಿರುವುದು ಕಂಡರೆ ಕೀಳಬೇಡಿ, ಎಷ್ಟು ಆಳ, ಯಾವ ದಿಕ್ಕು ಅಂತ ನಮಗೆ ಕಾಣಬೇಕು. ಧನುರ್ವಾಯು ಕುದುರೆಗಳಿಗೆ ಬಲು ಬೇಗ ತಗಲುತ್ತದೆ, ಆದ್ದರಿಂದ ಇಂಜೆಕ್ಷನ್ ತಡ ಮಾಡುವಂತಿಲ್ಲ.

ಕೇಳಿದವರು:
ಕಾಳಿನ ಮೂಟೆ ವಾಪಸ್ ಕೊಟ್ಟು ಬಂದೆ. ಬೆಳಗ್ಗೆಯಿಂದ ಮೂರು ಕಡೆ ಲದ್ದಿ ಬಿದ್ದಿದೆ, ಒಂದರಲ್ಲಿ ನೀಲಿ ಕವರಿನ ಚೂರು ಇತ್ತು. ಮೂಗು ಒಣಗಿದೆ, ಗಂಟು ಗಿಂಟು ಏನೂ ಇಲ್ಲ. ನೀವು ಹೇಳಿದ ಹಾಗೆ ಎಡಗಡೆಯಿಂದ ಹೋದೆ, ಕಿವಿ ತಿರುಗಿಸಿತು, ನಿಂತುಕೊಂಡಿತು. ಲಾಳ ಮುಂದಿನ ಬಲಗಾಲಿನಲ್ಲಿ ಒಂದೇ ಉಳಿದಿದೆ, ಮೊಳೆಗಳು ಪೂರ್ತಿ ತುಕ್ಕು. ಕುಂಟುವುದೂ ಅದೇ ಕಾಲು. ಪಶು ಆಸ್ಪತ್ರೆಯಿಂದ ನಾಲ್ಕು ಗಂಟೆಗೆ ಬರುತ್ತಾರಂತೆ. ಲಾಳ ಕೀಳುವವರನ್ನೂ ಕರೆತನ್ನಿ ಅಂದಿದ್ದೇನೆ. ಹತ್ತಿರದಲ್ಲಿ ಯಾರಾದರೂ ಇದ್ದರೆ ಬನ್ನಿ, ಕಾಲೆತ್ತುವಾಗ ಹಗ್ಗ ಹಿಡಿದುಕೊಳ್ಳಲು ಇನ್ನೊಬ್ಬರು ಬೇಕು.