ನನ್ನ ಗೈಡ್ ಬಗ್ಗೆ ನಾನೇ ಬರೆಯಬಹುದೇ?

ದಾವಣಗೆರೆಯಿಂದ ಪ್ರಶ್ನೆ:
ಪದವಿ ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸುತ್ತೇನೆ. ಈ ರಜೆಯಲ್ಲಿ ಕನ್ನಡ ವಿಕಿಪೀಡಿಯಕ್ಕೆ ಮಹಿಳಾ ವಿಜ್ಞಾನಿಗಳ ಪರಿಚಯ ಬರೆಯಬೇಕೆಂದಿದ್ದೇನೆ. ಪಿಎಚ್‌.ಡಿ.ಗೆ ನನ್ನ ಗೈಡ್ ಆಗಿದ್ದ ಮೇಡಂ ಅವರಿಂದಲೇ ಶುರು ಮಾಡುವ ಆಸೆ. ಈ ಕೆಲಸ ಮಾಡಿದವರು ಎಲ್ಲೆಲ್ಲಿ ಎಡವಿದಿರಿ, ಹೇಳಿ.

ಚಿತ್ರದುರ್ಗದಿಂದ:
ಮೇಡಂ, ನಾನು ಭೌತಶಾಸ್ತ್ರ ಕಲಿಸಿ ನಿವೃತ್ತನಾದವನು. ಮೂರು ವರ್ಷದಿಂದ ಬೆಳಗಿನ ಕಾಫಿಯ ಬಳಿಕ ಒಂದು ಗಂಟೆ ಇದೇ ಕೆಲಸ. ಗೈಡ್ ಅವರನ್ನು ಸದ್ಯಕ್ಕೆ ಬಿಡಿ. ಹತ್ತಿರದವರ ಬಗ್ಗೆ ಬರೆದರೆ ಹಿತಾಸಕ್ತಿ ಸಂಘರ್ಷ ಎನ್ನುತ್ತಾರೆ. ಅದಿರಲಿ, ನಿಮಗೆ ಅವರ ಬಗ್ಗೆ ಗೊತ್ತಿರುವುದರಲ್ಲಿ ಮುಕ್ಕಾಲು ಪಾಲಿಗೆ ಅಚ್ಚಿನಲ್ಲಿ ಆಧಾರವೇ ಸಿಗುವುದಿಲ್ಲ.

ನಾನು ಮೊದಲು ಕೈಗೆತ್ತಿಕೊಂಡದ್ದು ರಾಜೇಶ್ವರಿ ಚಟರ್ಜಿಯವರನ್ನು. 1922ರಲ್ಲಿ ನಂಜನಗೂಡಿನಲ್ಲಿ ಹುಟ್ಟಿ, ಮಿಷಿಗನ್‌ನಲ್ಲಿ ಪಿಎಚ್‌.ಡಿ. ಮುಗಿಸಿ, 1953ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಅಧ್ಯಾಪಕಿಯಾಗಿ ಬಂದವರು. ಮೈಕ್ರೋವೇವ್, ಆಂಟೆನಾ ಅವರ ಕ್ಷೇತ್ರ. ಪ್ರಯೋಗಪುಟದಲ್ಲಿ, ಅಂದರೆ ವಿಕಿಪೀಡಿಯದಲ್ಲಿ ಬರೆದು ನೋಡಲೆಂದೇ ಇರುವ ಪುಟದಲ್ಲಿ, ಕರಡು ಸಿದ್ಧಪಡಿಸಿ ಮಗಳಿಗೆ ತೋರಿಸಿದೆ. ಮೊದಲ ಸಾಲು ಓದಿ ಮೊಬೈಲ್ ವಾಪಸು ಕೊಟ್ಟಳು. ‘ಅಪ್ಪಾ, ಸಿ.ವಿ. ರಾಮನ್ ಬಗ್ಗೆ ಬರೆದಿದ್ದರೆ ಲೋಕಸುಂದರಿಯವರ ಗಂಡ ಎಂದು ಶುರು ಮಾಡುತ್ತಿದ್ದೆಯಾ?’ ನಾನು ಬರೆದಿದ್ದದ್ದು ‘ಪ್ರೊ. ಶಿಶಿರ್ ಕುಮಾರ್ ಚಟರ್ಜಿಯವರ ಧರ್ಮಪತ್ನಿಯಾದ ಇವರು’ ಎಂದು! ಆ ಸಾಲನ್ನು ಕೆಳಗಿಳಿಸಿದೆ, ಅಳಿಸಲಿಲ್ಲ. ಮೈಕ್ರೋವೇವ್ ಸಂಶೋಧನೆಯನ್ನು ಇಬ್ಬರೂ ಸೇರಿಯೇ ಕಟ್ಟಿದರು, ಅದು ಅವರ ಕೆಲಸದ ಭಾಗವೇ. ‘ಅಪ್ರತಿಮ’, ‘ಮಹಾನ್ ಸಾಧಕಿ’ ಎಲ್ಲವೂ ಹೋದವು. ಸನ್ಮಾನಪತ್ರ ಬರೆದು ಬರೆದು ಕೈಗಂಟಿದ ಚಾಳಿ ಅದು, ಬಿಡಿಸಿಕೊಳ್ಳಲು ನನಗೆ ಒಂದು ವರ್ಷ ಹಿಡಿಯಿತು.

ದಾವಣಗೆರೆಯಿಂದ ಇನ್ನೊಬ್ಬರು:
ನೀವು ರಸಾಯನಶಾಸ್ತ್ರದವರು, ಹಾಗಾಗಿ ಕ್ಲಾರಿಸ್ ಫೆಲ್ಪ್ಸ್ ಕತೆ ತಿಳಿದಿರಲಿ. 117ನೇ ಧಾತು ಟೆನ್ನೆಸೀನ್‌ಗೆ ಬೇಕಾದ ಬರ್ಕೀಲಿಯಂ ಶುದ್ಧೀಕರಿಸಿದ ತಂಡದಲ್ಲಿದ್ದವರು. ಲಂಡನ್ನಿನ ಭೌತವಿಜ್ಞಾನಿ ಜೆಸ್ ವೇಡ್ 2018ರಲ್ಲಿ ಅವರ ಬಗ್ಗೆ ಇಂಗ್ಲಿಷಿನಲ್ಲಿ ಪುಟ ಬರೆದರು. ಆಧಾರ ಸಾಲದೆಂದು 2019ರಲ್ಲಿ ಅಳಿಸಲಾಯಿತು, ದೊಡ್ಡ ವಾಗ್ವಾದದ ನಂತರ 2020ರಲ್ಲಿ ಮರಳಿತು. ಕೆನಡಾದ ಭೌತವಿಜ್ಞಾನಿ ಡೊನಾ ಸ್ಟ್ರಿಕ್‌ಲ್ಯಾಂಡ್ ಅವರ ಬಗೆಗಿನ ವಿಕಿಪೀಡಿಯ ಕರಡು 2018ರ ಮೇ ತಿಂಗಳಲ್ಲಿ ತಿರಸ್ಕೃತವಾಗಿತ್ತು. ಅಕ್ಟೋಬರ್‌ನಲ್ಲಿ ಅವರಿಗೆ ಭೌತವಿಜ್ಞಾನದ ನೊಬೆಲ್ ಬಂತು. ಕೆಲಸ ಎಷ್ಟೇ ದೊಡ್ಡದಿರಲಿ, ಅದರ ಬಗ್ಗೆ ಸಂಬಂಧವಿಲ್ಲದವರು ಎಲ್ಲಾದರೂ ಬರೆದಿರಬೇಕು. ಕಾಲೇಜಿನ ಜಾಲತಾಣ, ಅವರದೇ ಸ್ವಪರಿಚಯ ಇದಕ್ಕೆ ಸಾಲುವುದಿಲ್ಲ. ಹಳೆಯ ಪತ್ರಿಕೆಯಾದರೂ ಆಗಬಹುದು; ತಾರೀಖು, ಪುಟಸಂಖ್ಯೆ ಗುರುತು ಹಾಕಿಕೊಳ್ಳಿ.

ಹೊಸದುರ್ಗದಿಂದ:
ಯಂತ್ರಾನುವಾದವನ್ನು ನಂಬಬೇಡಿ. ಒಬ್ಬರು ವಿಭಾಗದ ಮುಖ್ಯಸ್ಥೆಯಾಗಿದ್ದರು ಎಂಬುದು ನನ್ನ ಕರಡಿನಲ್ಲಿ ‘ವಿಭಾಗದ ಕುರ್ಚಿಯಾಗಿದ್ದರು’ ಎಂದಾಗಿತ್ತು. ಎರಡು ದಿನ ನನ್ನ ಕಣ್ಣಿಗೇ ಬೀಳಲಿಲ್ಲ. ಅನುಮಾನವಿದ್ದರೆ ಕನ್ನಡ ವಿಕಿಪೀಡಿಯದ ಚರ್ಚೆಯ ಪುಟವಾದ ಅರಳಿಕಟ್ಟೆಯಲ್ಲಿ ಕೇಳಿ. ಹೆಸರಿಗೆ ತಕ್ಕಂತೆ ಅಲ್ಲಿ ಯಾರಾದರೊಬ್ಬರು ಕುಳಿತೇ ಇರುತ್ತಾರೆ.

ಪ್ರಶ್ನೆ ಕೇಳಿದವರಿಂದ:
ಎಲ್ಲರಿಗೂ ನಮಸ್ಕಾರ. ನಿನ್ನೆ ಗೈಡ್ ಮೇಡಂಗೆ ಫೋನ್ ಮಾಡಿ ವಿಷಯ ತಿಳಿಸಿದೆ. ‘ನನ್ನದು ಬೇಡಮ್ಮ, ಕಮಲಾ ಸೊಹೊನಿ ಬಗ್ಗೆ ಓದು’ ಎಂದರು. 1933ರಲ್ಲಿ ಹೆಣ್ಣೆಂಬ ಕಾರಣಕ್ಕೆ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ರಾಮನ್ ಅವರೇ ಮೊದಲು ಪ್ರವೇಶ ನಿರಾಕರಿಸಿದ್ದ, 1939ರಲ್ಲಿ ಕೇಂಬ್ರಿಜ್‌ನಿಂದ ಪಿಎಚ್‌.ಡಿ. ಪಡೆದ ಜೀವರಸಾಯನ ವಿಜ್ಞಾನಿ. ಚಿತ್ರದುರ್ಗದ ಸರ್, ಕರಡಿನ ಮೊದಲ ಸಾಲನ್ನು ನಿಮ್ಮ ಮಗಳಿಗೆ ಕಳಿಸಲೇ?