ಟಿಬಿ ಮಾತ್ರೆ ಒಂದೂ ನುಂಗಿಲ್ಲ, ಆಗ್ಲೇ ರೆಸಿಸ್ಟೆಂಟ್ ಅಂತಿದಾರೆ, ಹೆಂಗೆ?

ತೋಟದಮನೆ:
ನಮ್ಮ ಸೋದರಮಾವ ಸಕಲೇಶಪುರದ ಹತ್ರ ಎಸ್ಟೇಟಲ್ಲಿ ರೈಟರ್. ಬಹಳ ದಿನದಿಂದ ಕೆಮ್ಮು, ಸಂಜೆ ಆದ್ರೆ ಮೈ ಬೆಚ್ಚಗಾಗೋದು, ಪ್ಯಾಂಟ್ ಎಲ್ಲಾ ಸಡಿಲ ಆಗಿದೆ. ಕೊನೆಗೆ ಹಾಸನದ ಮೆಡಿಕಲ್ ಕಾಲೇಜ್ ಆಸ್ಪತ್ರೇಲಿ ಕಫ ಕೊಟ್ವಿ, ಸಿಬಿನಾಟ್ (ಕಫದಲ್ಲಿ ಟಿಬಿ ಕ್ರಿಮಿಯ ಜೀನ್ ಹುಡುಕೋ ಟೆಸ್ಟ್) ರಿಪೋರ್ಟಲ್ಲಿ ಟಿಬಿ ಇದೆ, ಜೊತೆಗೆ ರಿಫಾಂಪಿಸಿನ್ ರೆಸಿಸ್ಟೆನ್ಸ್ ಡಿಟೆಕ್ಟೆಡ್ ಅಂತ ಬಂದಿದೆ, ಅಂದ್ರೆ ಟಿಬಿಯ ಮುಖ್ಯ ಮಾತ್ರೆ ರಿಫಾಂಪಿಸಿನ್‌ಗೆ ಕ್ರಿಮಿ ಬಗ್ಗಲ್ವಂತೆ. ಮುಂಚೆ ಯಾವತ್ತೂ ಟಿಬಿ ಬಂದಿಲ್ಲ ಅಂದ್ರೂ ಪಿಜಿ ಡಾಕ್ಟ್ರು ತಿರುಗ್ಸಿ ತಿರುಗ್ಸಿ ಅದನ್ನೇ ಕೇಳಿದ್ರು, ಇನ್ನು ಊರಲ್ಲಂತೂ "ಮೊದ್ಲೇ ಬಂದಿತ್ತು, ಮುಚ್ಚಿಟ್ಟು ಅರ್ಧಕ್ಕೆ ಮಾತ್ರೆ ಬಿಟ್ಟಿದಾನೆ" ಅಂತ ಮಾತಾಡ್ತಿದಾರೆ, ಅತ್ತೆ ಊಟ ಬಿಟ್ಟು ಕೂತಿದಾರೆ. ಮಾತ್ರೇನೇ ತಗೊಳ್ದೆ ರೆಸಿಸ್ಟೆನ್ಸ್ ಬರೋಕೆ ಸಾಧ್ಯನಾ?

ಲ್ಯಾಬ್ ಕಿಟಕಿ:
ಖಂಡಿತ ಸಾಧ್ಯ ಕಣ್ರೀ, ಮೊದ್ಲು ನಿಮ್ಮ ಅತ್ತೆಗೆ ಇದನ್ನ ಓದಿ ಹೇಳಿ. ರೆಸಿಸ್ಟೆಂಟ್ ಆಗಿರೋದು ಕ್ರಿಮಿ, ನಿಮ್ಮ ಮಾವನ ಮೈ ಅಲ್ಲ. ಬೇರೆ ಯಾರೋ ರೆಸಿಸ್ಟೆಂಟ್ ಟಿಬಿ ಇರೋರು ಕೆಮ್ಮಿದಾಗ ಅದೇ ಕ್ರಿಮಿ ಗಾಳೀಲಿ ಬಂದು ಇವರ ಶ್ವಾಸಕೋಶ ಸೇರ್ಕೊಂಡಿದ್ರೆ ಅದು ಮೊದಲನೇ ದಿನದಿಂದ್ಲೇ ರೆಸಿಸ್ಟೆಂಟ್. 2014-16ರಲ್ಲಿ ದೇಶದಾದ್ಯಂತ ಸರ್ವೇ ಮಾಡಿದಾಗ ಹಿಂದೆ ಚಿಕಿತ್ಸೆ ತಗೊಂಡಿದ್ದೋರಲ್ಲಿ ಶೇ. 11.6 ಜನಕ್ಕೆ ಎಂಡಿಆರ್ (ರಿಫಾಂಪಿಸಿನ್, ಐಸೋನಿಯಾಜಿಡ್ ಅನ್ನೋ ಎರಡೂ ಮುಖ್ಯ ಮಾತ್ರೆಗೆ ಬಗ್ಗದ ಟಿಬಿ) ಇತ್ತು, ಸರಿ, ಆದ್ರೆ ಹೊಸಬರಲ್ಲೂ ಶೇ. 2.84 ಇತ್ತು. ಡಾಕ್ಟ್ರು ಪದೇಪದೇ ಕೇಳೋದು ಬೈಯೋಕಲ್ಲ, ಹಳೇ ಹಿಸ್ಟರಿ ಮೇಲೆ ಯಾವ ಮಾತ್ರೆ ಕೊಡ್ಬೇಕು ಅನ್ನೋದು ನಿಂತಿರುತ್ತೆ.

ಇನ್ನೊಂದು, ಸಿಬಿನಾಟ್ ಎರಡು ಗಂಟೇಲಿ ರಿಫಾಂಪಿಸಿನ್ ಒಂದರ ಬಗ್ಗೆ ಹೇಳುತ್ತೆ ಅಷ್ಟೇ. ಐಸೋನಿಯಾಜಿಡ್, ಲೀವೋಫ್ಲಾಕ್ಸಾಸಿನ್ ಗುಂಪು ಕೆಲಸ ಮಾಡುತ್ತಾ ಅಂತ ತಿಳ್ಕೊಳ್ಳೋಕೆ ಎಲ್‌ಪಿಎ ಅಂತ ಇನ್ನೊಂದು ಜೀನ್ ಟೆಸ್ಟ್ ಮಾಡ್ತಾರೆ, ಕಲ್ಚರ್ (ಲ್ಯಾಬಲ್ಲಿ ಕ್ರಿಮಿ ಬೆಳೆಸಿ ನೋಡೋದು) ಆದ್ರೆ ವಾರಗಟ್ಟಲೆ ಹಿಡಿಯುತ್ತೆ. ಅದಕ್ಕೆ ಮತ್ತೆ ಕಫ ಕೇಳ್ತಾರೆ, ಆಗ ಡಬ್ಬಿಗೆ ಎಂಜಲು ಉಗಿದು ಕೊಟ್ಬಿಡ್ಬೇಡಿ, ಆಳದಿಂದ ಕೆಮ್ಮಿ ಬಂದ ಗಟ್ಟಿ ಕಫಾನೇ ಬೇಕು. ಕೆಮ್ಮಿಗೆ ಅಂತ ಮೆಡಿಕಲ್ ಶಾಪಲ್ಲಿ ಕೇಳಿ ಲೀವೋಫ್ಲಾಕ್ಸಾಸಿನ್ ಏನಾದ್ರೂ ನುಂಗಿದ್ರೆ ಅದನ್ನೂ ಮುಚ್ಚಿಡದೆ ಹೇಳಿ.

ಗಿರಿಸಾಲು:
ನಂದು ಚಿಕ್ಕಮಗಳೂರು, ನನಗೂ ಎಂಡಿಆರ್ ಆಗಿತ್ತು, ಹಳೇ ಕಾಲದ್ದು, ಕ್ಯಾನಮೈಸಿನ್ ಇಂಜೆಕ್ಷನ್ ಇದ್ದಾಗ. ಸೊಂಟ ಗಡ್ಡೆ ಕಟ್ತಿತ್ತು, ಎಡಗಿವಿ ಇವತ್ತಿಗೂ ಮಂದ. ನಿಮ್ಮ ಮಾವ ಆ ವಿಷಯದಲ್ಲಿ ಪುಣ್ಯವಂತ್ರು, ಈಗ ಬಿಪಾಲ್‌ಎಂ ಅಂತ ಬಂದಿದೆ, ಬೆಡಾಕ್ವಿಲಿನ್, ಪ್ರೆಟೊಮಾನಿಡ್, ಲಿನೆಜೋಲಿಡ್, ಮಾಕ್ಸಿಫ್ಲಾಕ್ಸಾಸಿನ್, ಎಲ್ಲಾ ಮಾತ್ರೆ, ಎಲ್ಲಾ ಸರಿ ಇದ್ರೆ ಆರು ತಿಂಗಳು. ಕಾಲು ಜುಮುಜುಮು ಅಂದ್ರೆ, ಕಣ್ಣು ಮಂಜಾದ್ರೆ ಅವತ್ತೇ ಹೇಳ್ಬೇಕು, ಅದು ಲಿನೆಜೋಲಿಡ್ ಕೆಲಸ. ತಾವಾಗೇ ಮಾತ್ರೆ ನಿಲ್ಸೋದು ಬೇಡ.

ಬಿಎಂ ರೋಡ್:
ಗೌರ್ಮೆಂಟ್ ಆಸ್ಪತ್ರೆ ಯಾಕೆ ಬ್ರೋ, ಬೆಂಗಳೂರಲ್ಲಿ ಯಾವ್ದಾದ್ರೂ ಪ್ರೈವೇಟ್‌ಗೆ ಹೋಗಿ.

ಲ್ಯಾಬ್ ಕಿಟಕಿ:
@ಬಿಎಂ ರೋಡ್ ಪ್ರೈವೇಟ್‌ಗೆ ಹೋದ್ರೂ ಟಿಬಿ ಕೇಸು ನಿಕ್ಷಯ ಅನ್ನೋ ಸರ್ಕಾರದ ಟಿಬಿ ಪೋರ್ಟಲ್‌ನಲ್ಲಿ ನೋಂದಾಯಿಸ್ಲೇಬೇಕು, ಈ ಹೊಸ ಮಾತ್ರೆ ಸರ್ಕಾರದ ಕಾರ್ಯಕ್ರಮದಲ್ಲೇ ಫ್ರೀ ಕೊಡ್ತಾರೆ, ಸುಮ್ನೆ ಯಾಕೆ ಜೇಬು ಖಾಲಿ ಮಾಡ್ಕೊಳ್ತೀರ. ಶುರು ಮಾಡೋ ಮುಂಚೆ ಇಸಿಜಿ ಮಾಡಿಸ್ತಾರೆ, ಬೆಡಾಕ್ವಿಲಿನ್ ಹೃದಯದ ಬಡಿತದ ಲಯ ಕೆಡಿಸಬಹುದು ಅಂತ. ರಕ್ತ ಪರೀಕ್ಷೆನೂ ನಡೀತಾನೇ ಇರುತ್ತೆ.

ತೋಟದಮನೆ:
ತುಂಬಾ ಥ್ಯಾಂಕ್ಸ್ ಎಲ್ರಿಗೂ, ಅತ್ತೆಗೆ ಓದಿ ಹೇಳ್ದೆ. ಮನೇಲಿ ಇಬ್ರು ಮಕ್ಕಳಿದಾರೆ, ಅವಕ್ಕೆ ಏನು ಮಾಡ್ಬೇಕು?

ಲ್ಯಾಬ್ ಕಿಟಕಿ:
ಮಕ್ಕಳು, ಅತ್ತೆ ಎಲ್ರನ್ನೂ ಕರ್ಕೊಂಡು ಹೋಗಿ ತೋರಿಸಿ, ಎಕ್ಸ್‌ರೇ ಆಗ್ಲಿ. ಟಿಬಿ ಇಲ್ಲ ಅಂತ ಖಾತ್ರಿ ಆದ್ಮೇಲೆ ತಡೆಯೋ ಮಾತ್ರೆ ಬೇಕಾ ಅಂತ ಅಲ್ಲೇ ಹೇಳ್ತಾರೆ, ಮಾವನ ಎಲ್‌ಪಿಎ ರಿಪೋರ್ಟ್ ಜೊತೇಲಿರ್ಲಿ. ಮಳೆ ಅಂತ ಕಿಟಕಿ ಮುಚ್ಕೊಂಡು ಎಲ್ಲಾ ಒಂದೇ ರೂಮಲ್ಲಿ ಮಲ್ಗೋದು ಬೇಡ. ಆಮೇಲೆ ತಿಂಗಳಿಗೆ 1000 ರೂಪಾಯಿ ಪೋಷಣೆ ದುಡ್ಡು ಬರುತ್ತೆ, ಮಾವನ ಬ್ಯಾಂಕ್ ಪಾಸ್‌ಬುಕ್ ಕೊಡೋದು ಮರೀಬೇಡಿ.